ಎಲ್ಫಾಸ್ ಇಂಟರ್‌ವ್ಯೂ ಮಾಡಿದ್ದು

ಎಲ್ಫಾಸ್ ಮುಖ್ವಾನಾನಿಗೆ ಕಂಪ್ಯೂಟರಿನ ಬಗ್ಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಶುದ್ಧ ಅಪಪ್ರಚಾರ. ಅದನ್ನು ಆರಿಸಿ ಮತ್ತೆ ಹಚ್ಚುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೈರೋಬಿ ಪಕ್ಕದ ರೊಂಗಾಯ್‌ನ ನ್ಯೋಟಾ ಮಟಾಟು ಮಾಲೀಕರ ಸಂಘದಲ್ಲಿ ಅವನು ಗುಮಾಸ್ತ. ಒಮ್ಮೆ ಅಧ್ಯಕ್ಷೆಯ ಕಂಪ್ಯೂಟರ್ ಸತ್ತಂತೆ ಬಿದ್ದಿದ್ದಾಗ ಹಾಗೆ ಆರಿಸಿ ಹಚ್ಚಿ ಜೀವ ಬರಿಸಿದ್ದ. ಅಂದಿನಿಂದ ಸಂಘದಲ್ಲಿ ಅವನಿಗೆ ತಜ್ಞನೆಂಬ ಹೆಸರು ಬಂತು. ತಾನಾಗಿ ಬಂದ ಹೆಸರನ್ನು ಬೇಡ ಎನ್ನುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಎಲ್ಫಾಸ್ ಅದನ್ನು ಇಟ್ಟುಕೊಂಡ.

ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಒಂದು ಭಾನುವಾರ ಸುಟ್ಟ ಮೇಕೆ ಮಾಂಸದ ಅಂಗಡಿಯಲ್ಲಿ, ಪಕ್ಕೆಲುಬೊಂದನ್ನು ಕೈಯಲ್ಲಿ ಹಿಡಿದುಕೊಂಡು, ಯಾರೂ ಕೇಳದಿದ್ದರೂ ಒಂದು ಮಾತು ಹೇಳಿಬಿಟ್ಟ.

"ಸಾಫ್ಟ್‌ವೇರ್‌ನವನು ಕೆಲಸ ಬಲ್ಲವನೋ, ಬರೀ ಬುರುಡೆಯೋ, ಎದುರಿಗೆ ಕೂರಿಸಿ ಒಂದು ಗಳಿಗೆ ಮಾತಾಡಿಸಿದ್ರೆ ನಾನು ಹೇಳ್ಬಿಡ್ತೀನಿ."

ಮೇಜಿನ ಸುತ್ತ ಇದ್ದವರು ತಲೆದೂಗಿದರು. ಪಕ್ಕದ ಮೇಜಿನಲ್ಲಿ ಸಂಘದ ಅಧ್ಯಕ್ಷೆ ತೆರೆಸಿಯಾ ಗಥೋನಿ ತಲೆದೂಗಲಿಲ್ಲ. ಅವಳು ಕೇಳಿಸಿಕೊಂಡಳು, ಅಷ್ಟೆ. ಚೇರ್‌ಲೇಡಿ ಎಂದು ಊರೆಲ್ಲ ಕರೆಯುವ ಈ ಹೆಂಗಸು ನಿಲ್ದಾಣದಲ್ಲಿ ನಿಂತು ಒಂದು ಕೂಗು ಹಾಕಿದರೆ ಸೇತುವೆಯಾಚೆ ಹೊರಟ ಗಾಡಿಯೂ ನಿಲ್ಲುತ್ತಿತ್ತು. ಅವಳು ಕೇಳಿಸಿಕೊಂಡದ್ದನ್ನು ಮರೆತ ಉದಾಹರಣೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಸಮಿತಿಯ ಸಭೆ. ವಿಷಯ ಒಂದೇ, ಸರದಿ. ಬಣ್ಣ ಬಳಿದುಕೊಂಡು, ಹಾಡು ಹಾಕಿಕೊಂಡು ನೈರೋಬಿಗೆ ಓಡುವ ಸಂಘದ ಮಟಾಟು ವ್ಯಾನುಗಳೆಲ್ಲ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಬೇಕು. ಮುಂದಿನದು ತುಂಬಿ ಹೊರಟರೆ ಹಿಂದಿನದು ಮುಂದೆ ಬರಬೇಕು. ಯಾರು ಮೊದಲು ಬಂದರು ಎಂಬ ಜಗಳ ಬೇಡವೆಂದು ಸಂಘ ಒಂದು ಪ್ರೋಗ್ರಾಂ ಮಾಡಿಸಿತ್ತು. ಡ್ರೈವರ್ ತನ್ನ ಫೋನಿನಲ್ಲಿ ಹಸಿರು ಗುಂಡಿ ಒತ್ತಿದರೆ ಅವನ ಸರದಿ ಎಷ್ಟನೆಯದೆಂದು ಅದು ಹೇಳುತ್ತಿತ್ತು. ಮನೆಯಲ್ಲಿ ಸಾವಾದವರಿಗೆ ಮಾತ್ರ ಮೊದಲ ಸರದಿ. ಬೇಗ ಒಂದು ಟ್ರಿಪ್ ಹೊಡೆದು ಮನೆ ಸೇರಿಕೊಳ್ಳಲಿ ಎಂದು ಸಂಘ ಹುಟ್ಟಿದಾಗಿನಿಂದ ನಡೆದುಬಂದ ಪದ್ಧತಿ ಅದು.

ಈಗ ಒಂದು ತಿಂಗಳಿಂದ ಪ್ರೋಗ್ರಾಮಿಗೆ ಏನೋ ಬಡಿದಿತ್ತು. ಎಲ್ಲ ಗಾಡಿಗೂ ಮೊದಲ ಸರದಿ ಕೊಡುತ್ತಿತ್ತು. ಎಲ್ಲರೂ ಒಟ್ಟಿಗೆ ಮುಂದಕ್ಕೆ ನುಗ್ಗಿ ಬಾಗಿಲಿಗೆ ಬಾಗಿಲು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಒಬ್ಬ ಡ್ರೈವರು ಇನ್ನೊಬ್ಬನ ಗಾಡಿಯ ಕನ್ನಡಿ ಕಿತ್ತುಕೊಂಡು ನೈರೋಬಿಗೆ ಹೋಗಿ ಬಂದಿದ್ದ. ಪ್ರಯಾಣಿಕರು ಇದನ್ನು ನೋಡುವಷ್ಟು ನೋಡಿ ರಸ್ತೆ ದಾಟಿ ಎದುರಿನ ಸಂಘದ ಗಾಡಿ ಹತ್ತುತ್ತಿದ್ದರು. ಪ್ರೋಗ್ರಾಂ ಮಾಡಿದ್ದ ಹುಡುಗ ಕಿಗಾಲಿಯಲ್ಲಿ ಕೆಲಸ ಸಿಕ್ಕಿತೆಂದು ಹೋದವನು ಫೋನ್ ಎತ್ತುತ್ತಿರಲಿಲ್ಲ. ಶನಿವಾರ ವಾರ್ಷಿಕ ಮಹಾಸಭೆ. ಅಷ್ಟರಲ್ಲಿ ಸರದಿ ಸರಿಹೋಗದಿದ್ದರೆ ಅರ್ಧ ಸಂಘ ಎದುರಿನ ಸಂಘಕ್ಕೆ ಸೇರಿಬಿಡುವುದೆಂದು ಮಾತಾಗಿತ್ತು.

"ಮುಖ್ವಾನಾ," ಎಂದಳು ಚೇರ್‌ಲೇಡಿ. "ಶನಿವಾರದೊಳಗೆ ನಂಗೊಬ್ಬ ಡೆವಲಪರ್ ಬೇಕು. ಇಂಟರ್‌ವ್ಯೂ ಮಾಡೋದು ನೀನೇ. ಒಂದು ಗಳಿಗೆ ಮಾತಾಡಿಸಿದ್ರೆ ಸಾಕಲ್ವಾ ನಿಂಗೆ?"

"ಅಯ್ಯೋ ಚೇರ್‌ಲೇಡಿ, ಅದು ಏನೋ ಮಾಂಸ ತಿನ್ನೋವಾಗ ಮಾತಿಗೆ ಹೇಳಿದ್ದು."

"ಮಾಂಸ ತಿನ್ನೋವಾಗ ಯಾರೂ ಸುಳ್ಳು ಹೇಳಲ್ಲ. ನೀನು ಆರಿಸಿದವರು ಕೆಲಸ ಮಾಡಿದ್ರೆ ಸರಿ. ಇಲ್ಲ ಅಂದ್ರೆ ಅವರ ಜೊತೆ ನೀನೂ ಮನೆಗೆ ಹೋಗು."

ಉಪಾಧ್ಯಕ್ಷ ಜೋಸ್ಫಾಟ್ ಮುಚೀರಿ ಮೃದುವಾಗಿ ಕೆಮ್ಮಿದ. ಮೂರು ವ್ಯಾನುಗಳ ಮಾಲೀಕ, ಸದಾ ಇಸ್ತ್ರಿ ಮುರಿಯದ ಸೂಟಿನ ಮನುಷ್ಯ. "ಹೋಗೋವಾಗ ಅವನ ಹೆಂಡ್ತಿ ಚಪಾತಿ ಒಲೇನೂ ಎತ್ಕೊಂಡು ಹೋಗ್ಲಿ. ಆಫೀಸಿನ ಗೋಡೆ ಪಕ್ಕದ ಆ ಜಾಗದಲ್ಲಿ ನಾನೊಂದು ಫೋನಿನ ಅಂಗಡಿ ಇಡ್ಬೇಕು ಅಂತಿದ್ದೀನಿ. ಅಂದಹಾಗೆ ನಮ್ಮಕ್ಕನ ಮಗ ಫ್ರಾಂಕ್ಲಿನ್ ಇದೇ ಕೆಲಸ ಓದಿದ್ದಾನೆ. ಸುಮ್ನೆ ಹೇಳಿದೆ."

ಗೋಡೆ ಪಕ್ಕದ ಆ ಜಾಗದಲ್ಲಿ ಎಲ್ಫಾಸನ ಹೆಂಡತಿ ಎವರ್ಲಿನ್ ಆ ಹೊತ್ತಿನಲ್ಲಿ ಚಪಾತಿ ಮಗುಚುತ್ತಿದ್ದಳು. ಗಂಡನ ಸಂಬಳ ಮನೆ ಬಾಡಿಗೆಗೆ, ಈ ಒಲೆ ಮಗಳು ನೆಕೆಸಾಳ ಶಾಲೆಗೆ ಎಂದು ಅವರ ಸಂಸಾರ ನಡೆದಿತ್ತು. ಎಲ್ಫಾಸ್ ಬಂದು ಸುದ್ದಿ ಹೇಳಿದಾಗ ಅವಳು ಲಟ್ಟಣಿಗೆಯನ್ನು ಕೆಳಗಿಡಲಿಲ್ಲ.

"ನಿಮ್ಗೆ ಏನ್ ಗೊತ್ತು ಅಂತ ಒಪ್ಕೊಂಡ್ರಿ, ನೆಕೆಸಾ ಅಪ್ಪಾ?"

"ಒಪ್ಕೊಳ್ಲಿಲ್ಲ ಕಣೇ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

"ಮಾಂಸದ ಅಂಗಡೀಲಿ ಚೆನ್ನಾಗಿ ಬಂತಲ್ಲ."

ಬೆಂಚಿನ ಮೇಲೆ ಚಪಾತಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ ಮುದುಕಿ ನಕ್ಕಳು. ಅವಳು ಉಪಾಧ್ಯಕ್ಷನ ತಾಯಿ. ಊರಿಗೆಲ್ಲ ಅಜ್ಜಿಯಾದ್ದರಿಂದ ಎಲ್ಲರೂ ಶೋಶೋ ಎಂದೇ ಕರೆಯುತ್ತಿದ್ದರು. ಮನೆಯ ತಿಂಡಿಗೆ ಉಪ್ಪಿಲ್ಲವೆಂದು ದಿನಾ ಬೆಳಿಗ್ಗೆ ಇಲ್ಲಿಗೇ ಬರುತ್ತಿದ್ದಳು.

"ಇಂಟರ್‌ವ್ಯೂ ಒಳ್ಳೇದು ಕಣಪ್ಪ," ಎಂದಳು ಶೋಶೋ. "ಹೆರೋ ಮುಂಚೆ ಒಂದು ಇಂಟರ್‌ವ್ಯೂ ಇದ್ದಿದ್ರೆ ನಾನು ಜೋಸ್ಫಾಟ್‌ನ ಫೇಲ್ ಮಾಡ್ತಿದ್ದೆ."

ಅಂದು ಮಧ್ಯಾಹ್ನ ಎಲ್ಫಾಸ್ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ. ಏನಾದರೂ ಕೇಳಬೇಕಲ್ಲ, ಏನು ಕೇಳುವುದು? ತೋಚದೆ ಯಾವುದೋ ಹಳೆಯ ಫೈಲನ್ನು ಅಳಿಸಲು ಹೋದ. ತಕ್ಷಣ ಪರದೆಯ ಮೇಲೆ ಒಂದು ಚೌಕ ಎದ್ದು ಕೇಳಿತು: ಖಾತ್ರೀನಾ?

ಎಲ್ಫಾಸನ ಬೆರಳು ನಿಂತಿತು. ಈ ಯಂತ್ರ ಅವನನ್ನು ಎಷ್ಟೋ ವರ್ಷದಿಂದ ಹೀಗೇ ಕೇಳುತ್ತಾ ಬಂದಿತ್ತು, ಅವನೂ ಪ್ರತಿ ಸಲ ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ತನ್ನಂಥ ಮೀಸೆ ನರೆತ ಗೃಹಸ್ಥನನ್ನೇ ನಡುಗಿಸುವ ಪ್ರಶ್ನೆ ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗರನ್ನು ಏನು ಮಾಡಲಿಕ್ಕಿಲ್ಲ? ಪ್ರಶ್ನೆಯಂತೂ ಕಂಪ್ಯೂಟರಿನದೇ, ಆದ್ದರಿಂದ ವಿಷಯ ಬಿಟ್ಟು ಕೇಳಿದ ಎಂದು ಯಾರೂ ಆಕ್ಷೇಪಿಸುವಂತಿಲ್ಲ. ಎಲ್ಫಾಸ್ ಎದ್ದು ಮೀಸೆ ಬಾಚಿಕೊಂಡ.

ಮಂಗಳವಾರ ಇಂಟರ್‌ವ್ಯೂ. ಆಫೀಸಿನ ಮುಂದೆ ಟೈ ಕಟ್ಟಿದ ಹುಡುಗರ ಸಾಲು ಮಟಾಟುಗಳ ಸಾಲಿಗಿಂತ ಶಿಸ್ತಾಗಿತ್ತು. ಒಳಗೆ ಚೇರ್‌ಲೇಡಿ, ಉಪಾಧ್ಯಕ್ಷ, ಖಜಾಂಚಿ ಗಿಚೂಹಿ, ಕೊನೆಯಲ್ಲಿ ಎಲ್ಫಾಸ್. ಗಿಚೂಹಿ ನಿವೃತ್ತ ಡ್ರೈವರು. ಬಲಗಾಲಿಗೆ ಬ್ರೇಕ್ ತುಳಿದು ತುಳಿದು ಈಗಲೂ ಕುರ್ಚಿಯ ಕೆಳಗೆ ಏನನ್ನೋ ತುಳಿಯುತ್ತಿರುತ್ತಿದ್ದ. ಅವನಿಗೆ ಗೊತ್ತಿದ್ದ ಇಂಟರ್‌ವ್ಯೂ ಒಂದೇ, ಡ್ರೈವರನದು. ಹಾಗಾಗಿ ಬಂದವರನ್ನೆಲ್ಲ ಎಷ್ಟು ಸಲ ಗಾಡಿ ಉರುಳಿಸಿದ್ದೀಯ, ಪೋಲೀಸರು ಕೈ ತೋರಿಸಿದರೆ ನಿಲ್ಲಿಸುತ್ತೀಯೋ ಇಲ್ಲವೋ ಎಂದು ಕೇಳಿದ.

ಎಲ್ಫಾಸ್ ಎಲ್ಲದಕ್ಕೂ ಕಣ್ಣು ಅರೆಮುಚ್ಚಿ ಕಾಯುತ್ತಿದ್ದ. ಹುಡುಗ ಉತ್ತರ ಮುಗಿಸಿದ ಮೇಲೆ ಇನ್ನೂ ಸ್ವಲ್ಪ ಕಾಯುತ್ತಿದ್ದ. ಆಮೇಲೆ ತಣ್ಣಗೆ ಕೇಳುತ್ತಿದ್ದ.

"ಖಾತ್ರೀನಾ?"

ಮೊದಲನೆಯವನು ಉತ್ತರ ಬದಲಾಯಿಸಿದ. ಎರಡನೆಯವನು ಉತ್ತರ ವಾಪಸ್ ತೆಗೆದುಕೊಂಡ. ಮೂರನೆಯವನು ನಿಜ ಹೇಳುತ್ತೇನೆ ಸರ್ ಎಂದು ಶುರುಮಾಡಿ, ಸರ್ಟಿಫಿಕೇಟಿನಲ್ಲಿದ್ದ ಕೋರ್ಸಿಗೆ ತಾನು ಒಂದು ದಿನವೂ ಹೋಗಿಲ್ಲವೆಂದು ಒಪ್ಪಿಕೊಂಡು ಕಣ್ಣೊರೆಸಿಕೊಂಡ. ಆಮೇಲೆ ಸುದ್ದಿ ಹೊರಗಿನ ಸಾಲಿಗೆ ತಲುಪಿತು. ಒಳಗೊಬ್ಬ ಭಯಂಕರ ಮನುಷ್ಯ ಕುಳಿತಿದ್ದಾನೆ, ಎಲ್ಲ ಗೊತ್ತಿದ್ದೂ ಏನೂ ಮಾತಾಡುವುದಿಲ್ಲ, ಅವನ ಮುಂದೆ ಸುಳ್ಳು ನಿಲ್ಲುವುದಿಲ್ಲ. ಸಾಲಿನ ಹಿಂದಿನ ಅರ್ಧ ಟೈ ಬಿಚ್ಚಿಕೊಂಡು ಮನೆಗೆ ಹೋಯಿತು. ನಿಲ್ದಾಣದ ಕಂಡಕ್ಟರುಗಳು ಕಿಟಕಿಯಲ್ಲಿ ಇಣುಕಿ ಅದೇ ಎಲ್ಫಾಸನೇ ಎಂದು ಖಚಿತಪಡಿಸಿಕೊಂಡು ಹೋದರು.

ಆಗ ಬಂದ ಫ್ರಾಂಕ್ಲಿನ್, ಉಪಾಧ್ಯಕ್ಷನ ಅಕ್ಕನ ಮಗ. ಮಡಚುವ ಕಂಪ್ಯೂಟರಿನ ಬೆನ್ನಿನ ಮೇಲೆ ಎಳ್ಳಷ್ಟೂ ಜಾಗ ಬಿಡದೆ ಸ್ಟಿಕರ್ ಅಂಟಿಸಿದ್ದ. ಸೋದರಮಾವ ಚೀಟಿ ನೋಡಿಕೊಂಡು ಪ್ರಶ್ನೆ ಕೇಳಿದ. "ರಸ್ತೆಯಲ್ಲಿರೋ ಚರಂಡಿ ಮುಚ್ಚಳ..."

"ಗುಂಡಗಿದ್ರೆ ಒಳಗೆ ಬೀಳಲ್ಲ, ಅದಕ್ಕೇ," ಎಂದ ಫ್ರಾಂಕ್ಲಿನ್.

"ಪ್ರಶ್ನೆ ಇನ್ನೂ ಮುಗಿದಿರ್ಲಿಲ್ಲ," ಎಂದಳು ಚೇರ್‌ಲೇಡಿ.

"ಬುದ್ಧಿವಂತ ಹುಡುಗ," ಎಂದ ಉಪಾಧ್ಯಕ್ಷ.

ಗಾಡಿ ಎಷ್ಟು ಸಲ ಉರುಳಿಸಿದ್ದೀಯ ಎಂಬುದಕ್ಕೆ ಫ್ರಾಂಕ್ಲಿನ್ ತನ್ನ ಯಾವ ಕೆಲಸವೂ ಒಮ್ಮೆಯೂ ಕೆಟ್ಟಿಲ್ಲವೆಂದ. "ಹಾಗಾದ್ರೆ ಗಾಡಿ ಶೆಡ್ಡಿಂದ ಹೊರಗೇ ತಂದಿಲ್ಲ," ಎಂದು ಗಿಚೂಹಿ ಗೊಣಗಿದ. ನಮ್ಮ ಸರದಿಗೆ ಏನಾಗಿದೆ ಎಂದು ಚೇರ್‌ಲೇಡಿ ಕೇಳಿದಾಗ ಹುಡುಗ ದತ್ತಾಂಶದ ದೋಷವೆಂದ.

"ಖಾತ್ರೀನಾ?" ಎಂದ ಎಲ್ಫಾಸ್.

"ಅಂದ್ರೆ, ಸರ್ವರ್ ದೋಷ ಇರ್ಬಹುದು."

"ಖಾತ್ರೀನಾ?"

"ನೆಟ್‌ವರ್ಕು."

"ಖಾತ್ರೀನಾ?"

"ಹಿಂದಿನವನು ಮುಟ್ಠಾಳ ಸರ್. ಎಲ್ಲಾ ಕಿತ್ತು ಹೊಸದಾಗಿ ಬರೀಬೇಕು."

ಕೊನೆಗೆ ಬಂದವಳು ಪ್ಯೂರಿಟಿ ನ್ದೂಕು. ಮಚಾಕೋಸ್ ಕಡೆಯ ಹುಡುಗಿ, ದಪ್ಪ ಕನ್ನಡಕ. ಚೀಟಿ ಮುಂದಿದ್ದುದರಿಂದ ಉಪಾಧ್ಯಕ್ಷ ಅವಳನ್ನೂ ಅದೇ ಕೇಳಿದ. "ಚರಂಡಿ ಮುಚ್ಚಳ ಗುಂಡಗೆ ಯಾಕಿದೆ?"

"ಎಲ್ಲಿದೆ ಸರ್? ನಮ್ಮ ಬೀದೀದು ಕದ್ಕೊಂಡು ಹೋಗಿ ಎರಡು ವರ್ಷ ಆಯ್ತು."

ಚೇರ್‌ಲೇಡಿ ಮೊದಲ ಸಲ ನಕ್ಕಳು. ಗಾಡಿ ಎಷ್ಟು ಸಲ ಉರುಳಿಸಿದ್ದೀಯ ಎಂದ ಗಿಚೂಹಿ.

"ಒಂದ್ಸಲ ಜೋರಾಗಿ ಉರುಳಿಸಿದ್ದೀನಿ ಯಜಮಾನ್ರೇ. ಒಂದು ಬೇಕರೀಲಿ ಕೆಲಸ ಮಾಡ್ತಿದ್ದೆ. ಊರಿನ ಬ್ರೆಡ್ಡೆಲ್ಲ ಒಂದೇ ಚರ್ಚಿಗೆ ಹೋಗೋ ಹಾಗೆ ಮಾಡ್ಬಿಟ್ಟೆ. ಪಾದ್ರಿಗಳು ಪವಾಡ ಅಂತ ಹಂಚಿಬಿಟ್ರು. ವಾಪಸ್ ಕೊಡಿಸೋಷ್ಟರಲ್ಲಿ ಸಾಕಾಯ್ತು."

"ನಮ್ಮ ಸರದಿಗೆ ಏನಾಗಿದೆ?" ಎಂದಳು ಚೇರ್‌ಲೇಡಿ.

"ಗೊತ್ತಿಲ್ಲ. ನೋಡ್ಬೇಕು."

"ಖಾತ್ರೀನಾ?" ಎಂದ ಎಲ್ಫಾಸ್.

"ಗೊತ್ತಿಲ್ಲ ಅನ್ನೋದು ಖಾತ್ರಿ ಸರ್."

ಎಲ್ಫಾಸ್ ಕಣ್ಣು ಪೂರ್ತಿ ತೆರೆದ. ಅವನ ಪ್ರಶ್ನೆ ತಾಗಿಯೂ ಅಲುಗದೆ ಕುಳಿತ ಮೊದಲ ಮನುಷ್ಯಪ್ರಾಣಿ ಅವಳು. ಇದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ.

ಅವಳು ಹೊರಗೆ ಹೋದದ್ದೇ ತಡ, ಜಗಳ ಹತ್ತಿತು. "ಗೊತ್ತಿಲ್ಲ ಅನ್ನೋಳಿಗೆ ಕೆಲಸ ಕೊಡ್ಬೇಕಾ? ನನ್ನ ಅಳಿಯ ನಾಲ್ಕು ಉತ್ತರ ಕೊಟ್ಟ," ಎಂದ ಉಪಾಧ್ಯಕ್ಷ. ನಾಲ್ಕೂ ಒಂದೇ ಪ್ರಶ್ನೆಗೆ ಎಂದಳು ಚೇರ್‌ಲೇಡಿ. ಎಲ್ಲರೂ ತಜ್ಞನ ಕಡೆ ತಿರುಗಿದರು. ತಜ್ಞ ಮೇಜಿನ ಮೇಲಿನ ಅರ್ಜಿಗಳನ್ನು ಜೋಡಿಸತೊಡಗಿದ.

ಗಿಚೂಹಿ ಕಾಪಾಡಿದ. "ಅಲ್ಲ, ನಮ್ಮ ಕಸುಬಲ್ಲಿ ಯಾವನಿಗಾದ್ರೂ ಪ್ರಶ್ನೆ ಕೇಳಿ ಗಾಡಿ ಕೊಟ್ಟಿದ್ದೀವಾ? ಸ್ಕ್ವಾಡ್ ಕೊಡ್ತೀವಿ. ಖಾಯಂ ಡ್ರೈವರು ಊಟಕ್ಕೆ ಕೂತಾಗ ಹೊಸಬನ ಕೈಗೆ ಕೀ ಕೊಟ್ಟು ಎರಡು ಟ್ರಿಪ್ ಹೊಡೆದು ಬಾ ಅಂತೀವಿ. ಕಂಡಕ್ಟರ್ ಮುಖ ನೋಡಿದ್ರೆ ಗೊತ್ತಾಗುತ್ತೆ. ಇವರಿಗೂ ಒಂದೊಂದು ದಿನ ಸ್ಕ್ವಾಡ್ ಕೊಡಿ. ನಮ್ಮ ನಿಲ್ದಾಣದಲ್ಲೇ, ನಮ್ಮ ಸರದಿ ಮೇಲೇ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಎಲ್ಫಾಸ್ ಗಂಭೀರವಾಗಿ.

ಫ್ರಾಂಕ್ಲಿನ್‌ಗೆ ಗುರುವಾರ. ಅವನು ಬುಧವಾರವೆಲ್ಲ ಮನೆಯಲ್ಲಿ ಕುಳಿತು ಹೊಸ ಪ್ರೋಗ್ರಾಂ ಬರೆದು ತಂದ. ನೋಡಲು ಮದುವೆ ಚಪ್ಪರದ ಹಾಗಿತ್ತು. ಬಣ್ಣಗಳು ಬಂದು ಹೋಗುತ್ತಿದ್ದವು, ಒಳಗಿಂದ ಒಬ್ಬ ಹೆಂಗಸು ಸುಸ್ವಾಗತ ಎನ್ನುತ್ತಿದ್ದಳು. ಆದರೆ ಸರದಿಗೆ ನಿಲ್ಲುವ ಮುಂಚೆ ಪ್ರತಿಯೊಬ್ಬ ಡ್ರೈವರೂ ಹೊಸ ಪಾಸ್‌ವರ್ಡ್ ಕೊಡಬೇಕಿತ್ತು. ಅದರಲ್ಲಿ ಒಂದು ಅಂಕಿ, ಒಂದು ದೊಡ್ಡ ಅಕ್ಷರ, ಒಂದು ಚಿಹ್ನೆ ಇರಬೇಕು, ಮತ್ತು ಅದನ್ನು ಎರಡು ಸಲ ಹೊಡೆಯಬೇಕು. ಬೆಳಗಿನ ಜಾವದ ಚಳಿಯಲ್ಲಿ ಡ್ರೈವರುಗಳು ಮೂಗಿಗೆ ಫೋನ್ ಹಿಡಿದು ನಿಂತರು. ಒಬ್ಬನು ಹೆಂಗಸೊಬ್ಬಳ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುತ್ತಾ ಹೊಡೆದ. ಅದು ಅವನ ಹೆಂಡತಿಯ ಹೆಸರಲ್ಲವೆಂದು ನಿಲ್ದಾಣಕ್ಕೆಲ್ಲ ಗೊತ್ತಾಯಿತು. ಬೆಳಕು ಹರಿದು ಬಿಸಿಲೇರುವವರೆಗೆ ನ್ಯೋಟಾ ಸಂಘದ ಒಂದು ಗಾಡಿಯೂ ಕದಲಲಿಲ್ಲ. ಎದುರಿನ ಸಂಘದವರು ರಸ್ತೆಯಾಚೆಯಿಂದ ಚಪ್ಪಾಳೆ ತಟ್ಟಿ ಫ್ರಾಂಕ್ಲಿನ್‌ಗೆ ಚಹಾ ಕಳಿಸಿದರು. ಚೇರ್‌ಲೇಡಿ ಎಲ್ಲವನ್ನೂ ಹಳೆಯದಕ್ಕೇ ಬದಲಾಯಿಸಲು ಹೇಳಿ ಎಲ್ಫಾಸನನ್ನು ಒಂದು ನೋಟ ನೋಡಿದಳು.

"ಹೊಸತಲ್ವಾ, ಅಭ್ಯಾಸ ಆಗ್ಬೇಕು," ಎಂದ ಉಪಾಧ್ಯಕ್ಷ. ಆಮೇಲೆ ಚಪಾತಿ ಒಲೆಯ ಪಕ್ಕ ನಿಂತು ಹೆಜ್ಜೆ ಹಾಕಿ ಜಾಗ ಅಳೆದ. ಎವರ್ಲಿನ್ ಅವನ ಬೂಟಿನ ಮುಂದೆ ಬಿಸಿ ಎಣ್ಣೆಯ ಬಾಣಲೆ ಇಟ್ಟಳು.

ಶುಕ್ರವಾರ ಪ್ಯೂರಿಟಿಯ ಸ್ಕ್ವಾಡ್. ಅವಳು ಕಂಪ್ಯೂಟರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ನಿಲ್ದಾಣದಲ್ಲಿ ಒಂದೊಂದೇ ವ್ಯಾನು ಹತ್ತಿ ಡ್ರೈವರನ ಪಕ್ಕ ಕುಳಿತು, ಅವನು ಫೋನು ಒತ್ತುವುದನ್ನು ನೋಡಿ, ಇಳಿದು ಇನ್ನೊಂದು ಹತ್ತಿದಳು. ಎಲ್ಫಾಸ್ ಅವಳ ಹಿಂದೆ ಹಿಂದೆ ಅಲೆದು ಬೆವೆತ. ಕೆಲಸ ಯಾವಾಗ ಶುರುಮಾಡ್ತೀಯಮ್ಮ ಎಂದು ಕೇಳಿದರೆ ಮಾಡ್ತಿದ್ದೀನಲ್ಲ ಸರ್ ಎಂದಳು.

ಮಧ್ಯಾಹ್ನದ ಹೊತ್ತಿಗೆ ಬಂದು ಎವರ್ಲಿನಳ ಬೆಂಚಿನ ಮೇಲೆ ಕುಳಿತು ಒಂದು ಚಪಾತಿ ಕೇಳಿದಳು.

"ಸರ್, ಪ್ರೋಗ್ರಾಂ ಕೆಟ್ಟಿಲ್ಲ."

"ಕೆಟ್ಟಿಲ್ಲ?"

"ಇಲ್ಲ. ಹಸಿರು ಗುಂಡಿ ಪಕ್ಕ ಮೇಣದಬತ್ತಿ ಚಿತ್ರದ ಸಣ್ಣ ಗುಂಡಿ ಇದ್ಯಲ್ಲ, ಸಾವಾದವರಿಗೆ ಅಂತ ನೀವೇ ಹಾಕ್ಸಿದ್ದು. ಯಾರೂ ಹಸಿರು ಒತ್ತಲ್ಲ. ಎಲ್ರೂ ಮೇಣದಬತ್ತೀನೇ ಒತ್ತೋದು. ಯಾರು ಹೋದ್ರು ಅಂತ ಅದು ಕೇಳುತ್ತೆ, ಅಜ್ಜಿ ಅಂತಾರೆ. ಮೊದಲ ಸರದಿ ಸಿಗುತ್ತೆ. ಈ ತಿಂಗಳು ನಿಮ್ಮ ಸಂಘದಲ್ಲಿ ಅಜ್ಜಿಯರು ಸಾಯ್ತಾ ಇರೋದು ನೋಡಿದ್ರೆ ಊರಲ್ಲಿ ಒಬ್ರೂ ಉಳಿದಿರಬಾರ್ದು."

ಎಲ್ಫಾಸ್ ಕೈಯಲ್ಲಿ ಉಳಿದಿದ್ದ ಒಂದೇ ಆಯುಧವನ್ನು ತೆಗೆದ.

"ಖಾತ್ರೀನಾ?"

"ಖಾತ್ರಿ."

ಅವನು ಕಾದ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಎರಡನೆಯ ಉತ್ತರಕ್ಕೆ ಬಂದಿರುತ್ತಿದ್ದರು. ಅವಳು ಚಪಾತಿ ತಿಂದಳು.

"ಖಾತ್ರೀನಾ?" ಎಂದ ಮತ್ತೆ.

"ಸರ್, ಇನ್ನೊಂದ್ಸಲ ಬೇಕಾದ್ರೂ ಕೇಳಿ, ಆಗ್ಲೂ ಖಾತ್ರೀನೇ. ಆ ಗುಂಡಿ ಕಿತ್ತು ಹಾಕ್ಲಾ?"

ಎಲ್ಫಾಸ್ ಹೂಂ ಎನ್ನಲು ಹೊರಟವನು ಎವರ್ಲಿನಳ ಮುಖ ನೋಡಿ ನಿಂತ. ಹೋದ ವರ್ಷ ಅವಳ ತಂದೆ ತೀರಿಕೊಂಡಾಗ ಸುದ್ದಿ ಬಂದ ಗಳಿಗೆಯಲ್ಲೇ ನಿಲ್ದಾಣದ ಗಾಡಿಗಳೆಲ್ಲ ಪಕ್ಕಕ್ಕೆ ಸರಿದು ಅವಳು ಕುಳಿತ ವ್ಯಾನನ್ನು ಮುಂದೆ ಬಿಟ್ಟಿದ್ದವು. ಒಬ್ಬ ಕಂಡಕ್ಟರೂ ಹಾರ್ನ್ ಹೊಡೆಸಿರಲಿಲ್ಲ.

"ಬೇಡ," ಎಂದ. "ನಿಜವಾಗ್ಲೂ ಸತ್ತ ಮನೆಯವರಿಗೆ ಅದು ಇರ್ಬೇಕು."

ಪ್ಯೂರಿಟಿ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. "ಸಾವಾದ್ರೆ ಸಂಘದವರಿಗೆಲ್ಲ ಯಾರು ಹೇಳ್ತಾರೆ ಸರ್?"

"ಯಾರೋ ಒಬ್ರು ಹೇಳ್ತಾರೆ. ಸಾಯಂಕಾಲ ಎಲ್ರೂ ಮನೆಗೆ ಹೋಗ್ತೀವಿ. ಟೆಂಟು, ಕುರ್ಚಿ, ಸಕ್ಕರೆ, ಪ್ರಾರ್ಥನೆ. ನಿಮ್ಮ ಕಡೆನೂ ಅಷ್ಟೇ ಅಲ್ವಾ?"

"ಅಷ್ಟೇ. ಆ ಒಬ್ರು ಬದಲು ಪ್ರೋಗ್ರಾಮೇ ಹೇಳಿದ್ರೆ? ಮೇಣದಬತ್ತಿ ಒತ್ತಿದ ತಕ್ಷಣ ಸಂಘದ ಎಲ್ಲರ ಫೋನಿಗೂ ಸುದ್ದಿ ಹೋಗುತ್ತೆ."

ಸತ್ತವರ ಬಗ್ಗೆ ಈ ಹುಡುಗಿಗೆ ಎಷ್ಟು ಕಾಳಜಿ ಎಂದು ಎಲ್ಫಾಸನಿಗೆ ಹೃದಯ ತುಂಬಿಬಂತು. ಅದರಿಂದ ಮುಂದೇನಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವಂಥ ತಲೆಯಿದ್ದರೆ ಮಾಂಸದಂಗಡಿಯಲ್ಲಿ ಅಂಥ ಮಾತೇ ಬರುತ್ತಿರಲಿಲ್ಲ. "ಮಾಡಮ್ಮ," ಎಂದ.

ಆ ಮಧ್ಯಾಹ್ನ ಡ್ರೈವರುಗಳು ಎಂದಿನಂತೆ ಊಟ ಮಾಡಿ, ಹಲ್ಲಿಗೆ ಕಡ್ಡಿ ಚುಚ್ಚಿಕೊಂಡು, ಎಂದಿನಂತೆ ಮೇಣದಬತ್ತಿ ಒತ್ತಿದರು.

ಸಂಘದ ಫೋನುಗಳೆಲ್ಲ ಒಟ್ಟಿಗೆ ಅತ್ತವು. ಇಂಥವರ ಅಜ್ಜಿ ತೀರಿಕೊಂಡಿದ್ದಾರೆ, ಸಾಯಂಕಾಲ ಮನೆಗೆ ಬನ್ನಿ. ಇಂಥವರ ಅಜ್ಜಿ. ಇಂಥವರ ಅಜ್ಜಿ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ತನ್ನದು ಸುಳ್ಳೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು, ಉಳಿದವರದೆಲ್ಲ ನಿಜವೆಂದು ಪ್ರತಿಯೊಬ್ಬನೂ ನಂಬಿದ. ಎಂಥಾ ಶುಕ್ರವಾರ ಬಂತಪ್ಪಾ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಸಮಾಧಾನ ಹೇಳಿದರು. ಪೇಟೆಯಲ್ಲಿ ಸಕ್ಕರೆ ಮುಗಿಯಿತು. ಟೆಂಟಿನವನು ಯಾವ ಮನೆಗೆ ಕಳಿಸಲಿ ಎಂದು ತಲೆ ಕೆರೆದುಕೊಂಡ. ಸಾಯಂಕಾಲವಾಗುತ್ತಲೇ ಜನ ಗುಂಪು ಗುಂಪಾಗಿ ಹಾಡುತ್ತಾ ಹೊರಟರು. ಬೇರೆಯವರ ಮನೆಗೆ ಅಳಲು ಹೊರಟ ಡ್ರೈವರು ದಾರಿಯಲ್ಲಿ ತನ್ನ ಮನೆಗೆ ಅಳಲು ಬರುತ್ತಿದ್ದವರಿಗೆ ಸಿಕ್ಕಿಬಿದ್ದ. ಒಲೆಯ ಮುಂದೆ ಕುಳಿತಿದ್ದ ಅಜ್ಜಿಯರು ಬಾಗಿಲು ತೆಗೆದು ನೋಡಿದರೆ ಅಂಗಳದಲ್ಲಿ ಪ್ರಾರ್ಥನೆ ನಡೆದಿತ್ತು.

ಸಂಘದ ಮರ್ಯಾದೆಯಂತೆ ಚೇರ್‌ಲೇಡಿ ಮೊದಲು ಹೋಗಬೇಕಾದದ್ದು ಉಪಾಧ್ಯಕ್ಷನ ಮನೆಗೆ. ಅವನ ಡ್ರೈವರುಗಳು ಯಜಮಾನನ ಹೆಸರಿನಲ್ಲೇ ಒತ್ತುತ್ತಿದ್ದುದರಿಂದ, ಅವನ ಮನೆಯ ಅಜ್ಜಿ, ಎಂದರೆ ಅವನ ತಾಯಿ, ತೀರಿಕೊಂಡ ಸುದ್ದಿ ಗಾಡಿಗೊಂದು ಸಲದಂತೆ ಬಂದಿತ್ತು. ಚೇರ್‌ಲೇಡಿ ಕಪ್ಪು ಬಟ್ಟೆಯುಟ್ಟು ಮುಂದೆ, ಅವಳ ಹಿಂದೆ ಸಕ್ಕರೆ ಚೀಲ ಹೊತ್ತ ಗಿಚೂಹಿ, ಅವನ ಹಿಂದೆ ತಲೆಯ ಮೇಲೆ ಕುರ್ಚಿಗಳನ್ನು ಹೊತ್ತ ಎಲ್ಫಾಸ್, ಹಿಂದೆ ಎವರ್ಲಿನ್, ಪ್ಯೂರಿಟಿ, ಅರ್ಧ ಊರು. ಬೆಳಿಗ್ಗೆ ಚಪಾತಿ ತಿಂದವಳು ಹೋಗಿಬಿಟ್ಟಳಲ್ಲ ಎಂದು ಎವರ್ಲಿನ್ ನಿಜವಾಗಿಯೇ ಅಳುತ್ತಿದ್ದಳು. ಎಲ್ಫಾಸನಿಗೂ ದುಃಖವೇ. ಆದರೆ ದುಃಖದ ಕೆಳಗೆ ಒಂದು ಅನುಮಾನ ನಿಧಾನಕ್ಕೆ ಕಣ್ಣು ಬಿಡುತ್ತಿತ್ತು.

ಗೇಟು ತೆರೆದವಳು ಶೋಶೋ.

ಚೇರ್‌ಲೇಡಿಯ ಹಾಡು ಎತ್ತರದ ಸ್ವರದಲ್ಲೇ ನಿಂತುಹೋಯಿತು.

"ಯಾರು ಹೋಗಿದ್ದು ತೆರೆಸಿಯಾ?" ಎಂದು ಶೋಶೋ ಕನಿಕರದಿಂದ ಕೇಳಿದಳು.

ಕಚೇರಿಯ ಗುಮಾಸ್ತನಾದ್ದರಿಂದ ಎಲ್ಫಾಸನೇ ಹೇಳಬೇಕಾಯಿತು. "ನೀವೇ, ಅಜ್ಜಿ."

"ನಾನಾ? ಯಾವಾಗ?"

"ಊಟ ಆದ್ಮೇಲೆ. ಮತ್ತೆ ಅದಾದ್ಮೇಲೂ ಎರಡು ಸಲ."

"ಅದಕ್ಕೇ ಮಧ್ಯಾಹ್ನದಿಂದ ಸೊಂಟ ಹಿಡ್ಕೊಂಡಿದೆ," ಎಂದಳು ಶೋಶೋ. ಆಮೇಲೆ ಒಳಗೆ ತಿರುಗಿ ಕರೆದಳು. "ಜೋಸ್ಫಾಟ್. ಬಾ ಇಲ್ಲಿ. ನಾನು ಸತ್ತಿದ್ದೀನಂತೆ."

ಉಪಾಧ್ಯಕ್ಷ ಬಂದ. ಕಪ್ಪು ಬಟ್ಟೆಗಳನ್ನು ನೋಡಿದ, ಸಕ್ಕರೆ ನೋಡಿದ, ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಗಿ ಎಲ್ಲರಿಗಿಂತ ಮೊದಲು ಬೆರಳು ಎತ್ತಿದ.

"ನೋಡಿದ್ರಾ ಚೇರ್‌ಲೇಡಿ? ಈ ಹುಡುಗಿ ಕೈ ಹಾಕಿದ ಒಂದೇ ದಿನಕ್ಕೆ ಪ್ರೋಗ್ರಾಂ ಜೀವ ಇರೋರನ್ನ ಸಾಯಿಸ್ತಿದೆ. ಇವಳನ್ನೂ ಕಳಿಸಿ, ಆರಿಸಿದ ಇವನನ್ನೂ ಕಳಿಸಿ. ನನ್ನ ಕಡೆಯವರು ಯಾರೂ ಯಾವ ಗುಂಡೀನೂ ಒತ್ತಿಲ್ಲ."

ಎಲ್ಲರ ಕಣ್ಣೂ ಎಲ್ಫಾಸನ ಮೇಲೆ ಬಿತ್ತು. ಕೆಲಸ, ಬಾಡಿಗೆ, ಒಲೆ, ನೆಕೆಸಾಳ ಶಾಲೆ ಎಲ್ಲವೂ ಆ ಗೇಟಿನಲ್ಲಿ ಕುರ್ಚಿಗಳ ಜೊತೆ ಅವನ ತಲೆಯ ಮೇಲೇ ಇದ್ದವು. ಅವನು ಪ್ಯೂರಿಟಿಯ ಕಡೆ ನೋಡಿದ. ಅವಳು ಮೂರು ಸಲ ಖಾತ್ರಿ ಎಂದಿದ್ದವಳು, ಈಗಲೂ ಹಾಗೇ ನಿಂತಿದ್ದಳು. ಎಲ್ಫಾಸನಿಗೆ ಆ ಕ್ಷಣದಲ್ಲಿ ಧೈರ್ಯ ಬಂತು. ವಾದ ಮಾಡಲು ಅವನಿಗೆ ವಿದ್ಯೆ ಇರಲಿಲ್ಲ. ಗೊತ್ತಿದ್ದದ್ದು ಒಂದೇ ಪ್ರಶ್ನೆ. ಕಣ್ಣು ಅರೆಮುಚ್ಚಿದ, ಕಾದ, ಇನ್ನೂ ಸ್ವಲ್ಪ ಕಾದ.

"ಖಾತ್ರೀನಾ, ಉಪಾಧ್ಯಕ್ಷರೇ?"

"ಖಾತ್ರಿ ಅಂದ್ರೆ... ಡ್ರೈವರುಗಳು ತಪ್ಪಿ ಒತ್ತಿರ್ಬಹುದು."

"ಖಾತ್ರೀನಾ?"

"ಒಂದ್ಸಲ ಒತ್ತಿ ಅಂತ ನಾನೇ ಹೇಳಿದ್ದೆ ಅಂತ ಕಾಣುತ್ತೆ."

"ಖಾತ್ರೀನಾ?"

ಉಪಾಧ್ಯಕ್ಷನ ಸೂಟು ಮೊದಲ ಸಲ ಮುದುಡಿತು. "ದಿನಾ ಒತ್ತಿ ಅಂದಿದ್ದೆ. ಒಂದು ತಿಂಗಳಿಂದ. ಮೊದಲು ಶುರುಮಾಡಿದ್ದೂ ನಾನೇ. ಆಮೇಲೆ ಬೇರೆಯವರೂ ಕಲಿತ್ರು."

ಗುಂಪಿನಲ್ಲಿದ್ದ ಡ್ರೈವರುಗಳು ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಎಲ್ಫಾಸ್ ಮೆಲ್ಲಗೆ ತಲೆ ಅವರ ಕಡೆ ತಿರುಗಿಸಿದ್ದೇ ತಡ, ಕೇಳುವ ಮೊದಲೇ ಒಬ್ಬೊಬ್ಬರಾಗಿ ಒಪ್ಪಿಕೊಳ್ಳತೊಡಗಿದರು. ಒಬ್ಬನಂತೂ ಮೇಣದಬತ್ತಿಯ ಜೊತೆ ಗಾಡಿಯ ಕನ್ನಡಿಯ ವಿಷಯವನ್ನೂ ಒಪ್ಪಿಕೊಂಡ.

ಚೇರ್‌ಲೇಡಿ ಬಾಯಿ ತೆರೆದಳು. ಸೇತುವೆಯಾಚೆಯ ಗಾಡಿಗಳು ನಿಲ್ಲುವಂಥ ಕೂಗು ಬರಲಿತ್ತು. ಆದರೆ ಶೋಶೋ ಕೈ ಎತ್ತಿದಳು.

"ಇರ್ಲಿ. ಸಕ್ಕರೆ ತಂದಿದ್ದೀರಿ, ಕುರ್ಚಿ ತಂದಿದ್ದೀರಿ. ನನ್ನ ಬಗ್ಗೆ ಒಳ್ಳೇ ಮಾತು ಯೋಚ್ನೆ ಮಾಡ್ಕೊಂಡೇ ಬಂದಿರ್ತೀರಿ. ಸತ್ತ ಮೇಲೆ ನಂಗೆಲ್ಲಿ ಕೇಳ್ಸುತ್ತೆ? ಕೂತ್ಕೊಂಡು ಈಗ್ಲೇ ಹೇಳಿ. ಜೋಸ್ಫಾಟ್ ಮೊದಲು ಮಾತಾಡ್ಲಿ. ದೀರ್ಘವಾಗಿ ಮಾತಾಡ್ಲಿ."

ಜೋಸ್ಫಾಟ್ ದೀರ್ಘವಾಗಿ ಮಾತಾಡಿದ. ಎರಡು ಸಲ ನಿಲ್ಲಿಸಲು ಹೋದಾಗ ಅವನ ತಾಯಿ ಎಲ್ಫಾಸನ ಕಡೆ ನೋಡಿ ಕೇಳಪ್ಪ ಎಂದಳು. ಅವನು ಕೇಳುವ ಮೊದಲೇ ಮಗ ಮತ್ತೆ ಮುಂದುವರಿಸಿದ. ಕೊನೆಗೆ ಅವನೇ ಅತ್ತುಬಿಟ್ಟ.

ಶನಿವಾರ ಬೆಳಿಗ್ಗೆ ನಿಲ್ದಾಣದಲ್ಲಿ ಒಬ್ಬನೂ ಮೇಣದಬತ್ತಿಯ ಹತ್ತಿರ ಬೆರಳು ಒಯ್ಯಲಿಲ್ಲ. ಹಸಿರು ಒತ್ತಿ, ಸರದಿಯಂತೆ ನಿಂತು, ಸರದಿಯಂತೆ ಹೊರಟರು. ಎದುರಿನ ಸಂಘದವರು ಇದೇನೆಂದು ರಸ್ತೆ ದಾಟಿ ನೋಡಲು ಬಂದರು. ಅವರ ಪ್ರಯಾಣಿಕರು ಅವರಿಗಿಂತ ಮುಂಚೆ ದಾಟಿ ಬಂದಿದ್ದರು. ಮಹಾಸಭೆಯಲ್ಲಿ ಸಂಘ ಬಿಡುತ್ತೇನೆಂದು ಒಬ್ಬನೂ ಎದ್ದು ನಿಲ್ಲಲಿಲ್ಲ. ಪ್ಯೂರಿಟಿ ನ್ದೂಕುವಿಗೆ ಕೆಲಸ ಕೊಡುವ ಠರಾವಿಗೆ ಉಪಾಧ್ಯಕ್ಷನೇ ಮೊದಲು ಕೈ ಎತ್ತಿದ. ಮುಂದಿನ ಸಾಲಿನಲ್ಲಿ ಅವನ ತಾಯಿ ಕುಳಿತಿದ್ದಳು. ಚಪಾತಿ ಒಲೆಯ ಜಾಗವೂ ಎವರ್ಲಿನಳಿಗೇ ಖಾಯಮಾಯಿತು. ಶೋಶೋ ಎದ್ದು ನಿಂತು, ಸತ್ತವರ ಕೊನೆಯ ಆಸೆ ನಡೆಸಿಕೊಡಬೇಕೆಂದು ಕೇಳಿದ್ದರಿಂದ ಚರ್ಚೆಯಾಗಲಿಲ್ಲ.

ಕೊನೆಯಲ್ಲಿ ಚೇರ್‌ಲೇಡಿ ಎದ್ದಳು. "ಒಂದು ಗಳಿಗೆ ಮಾತಾಡಿಸಿದ್ರೆ ಹೇಳ್ಬಿಡ್ತೀನಿ ಅಂದಿದ್ದ. ಹೇಳಿದ. ಇನ್ಮುಂದೆ ಡೆವಲಪರ್ ಆಗ್ಲಿ, ಡ್ರೈವರ್ ಆಗ್ಲಿ, ಈ ಸಂಘಕ್ಕೆ ಯಾರನ್ನ ತಗೊಂಡ್ರೂ ಇಂಟರ್‌ವ್ಯೂ ಮುಖ್ವಾನಾನೇ ಮಾಡೋದು." ಚಪ್ಪಾಳೆಗೆ ತಗಡಿನ ಮಾಡು ನಡುಗಿತು.

ಎಲ್ಫಾಸ್ ಸಭೆಯಿಂದ ಹೊರಬಂದದ್ದು ನಡೆದುಕೊಂಡಲ್ಲ, ಡ್ರೈವರುಗಳ ಹೆಗಲ ಮೇಲೆ. ಒಲೆಯ ಹತ್ತಿರ ಅವನನ್ನು ಇಳಿಸಿ ಹೋದರು. ಅವನು ಅಂಗಿ ಸರಿಮಾಡಿಕೊಂಡು, ಎದೆ ಸೆಟೆಸಿ ಬೆಂಚಿನ ಮೇಲೆ ಕುಳಿತ.

"ಈಗ್ಲಾದ್ರೂ ಒಪ್ಕೋ ನೆಕೆಸಾ ಅಮ್ಮ. ನಿನ್ನ ಗಂಡನಿಗೆ ಕಂಪ್ಯೂಟರ್ ಗೊತ್ತು."

ಎವರ್ಲಿನ್ ಚಪಾತಿ ಮಗುಚಿದಳು. ಸ್ವಲ್ಪ ಕಾದಳು, ಇನ್ನೂ ಸ್ವಲ್ಪ ಕಾದಳು.

"ಖಾತ್ರೀನಾ?"

"ಪೂರ್ತಿ ಅಂತಲ್ಲ. ಸುಮಾರಾಗಿ ಗೊತ್ತು."

"ಖಾತ್ರೀನಾ?"

ಎಲ್ಫಾಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಆರಿಸಿ ಹಚ್ಚೋದು ಗೊತ್ತು."

"ಅದು ಖಾತ್ರಿ," ಎಂದು ಎವರ್ಲಿನ್ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.